ಮೂರು ವಾರ ಬಿಟ್ಟು ಮನೆಗೆಲಸ

ಕ್ಷಮಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಮನಸ್ಸು ಭಾರವಾಗಿಯೇ ಇರಲಿ. ಒಬ್ಬನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅವ್ವ ರೊಟ್ಟಿ ಬಡಿದು ನನ್ನನ್ನು ಓದಿಸಿದವಳು. ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ನನಗೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಕ್ಕ ಮೇಲೂ ಅವಳು ಒಲೆಯ ಮುಂದಿನ ನೆಲ ಬಿಡಲಿಲ್ಲ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಊರಿನ ಮನೆಗಳಿಗೆ ಕೊಡುತ್ತಿದ್ದಳು. ಕೊನೆಗೆ ಬೆನ್ನೆಲುಬಿನ ಡಿಸ್ಕ್ ಸರಿದು ಆಪರೇಷನ್ ಆಯಿತು. ಅದೇ ವಾರ, ಅದೇ ಡಾಕ್ಟರ ಕೈಯಲ್ಲಿ, ಅದೇ ಆಪರೇಷನ್ ಅರಳೆ ವ್ಯಾಪಾರಸ್ಥರ ಮನೆಯೊಡತಿ ಅಕ್ಕಾರಿಗೂ ಆಯಿತು. ಹನ್ನೆರಡು ವರ್ಷ ಅವ್ವನ ರೊಟ್ಟಿ ಉಂಡ ಮನೆ ಅದು. ಇಬ್ಬರ ಮಂಚಗಳೂ ಪಕ್ಕಪಕ್ಕದಲ್ಲೇ ಇದ್ದವು.

"ರೊಟ್ಟಿ ಬಡದಾಕಿಗೂ ತಿಂದಾಕಿಗೂ ಒಂದ ಬ್ಯಾನಿ ಕೊಟ್ಟಾನಲ್ಲವಾ ದೇವ್ರು," ಎಂದು ಅಕ್ಕಾರು ಮಲಗಿದಲ್ಲೇ ನಕ್ಕರು.

ಮನೆಗೆ ಕಳಿಸುವ ದಿನ ವ್ಯಾಯಾಮ ಹೇಳಿಕೊಡುವ ಫಿಜಿಯೋ ಬಂದ. ಅಕ್ಕಾರ ಪಕ್ಕದಲ್ಲಿ ಅರ್ಧ ತಾಸು ನಿಂತ. ಮನೆಯಲ್ಲಿ ಮಂಚ ಎಷ್ಟು ಎತ್ತರ, ಪಾಯಖಾನೆ ಎಂಥಾದ್ದು, ಮೆಟ್ಟಿಲು ಎಷ್ಟು, ಎಲ್ಲ ಕೇಳಿದ. ಚಿತ್ರ ಹಾಕಿದ ಒಂದು ಹಾಳೆ ಕೊಟ್ಟು, ಒಂದೊಂದು ಚಿತ್ರವನ್ನೂ ಮಾಡಿಸಿ ನೋಡಿದ. ಆಮೇಲೆ ನಮ್ಮ ಕಡೆ ತಿರುಗಿದ. ಅಡ್ಡಹೆಸರು ಕೇಳಿದ, ಓಣಿ ಕೇಳಿದ. ನಮ್ಮ ಜಾತಿ ತಿಳಿಯಲು ಅವೆರಡು ಸಾಕು.

"ಏನ್ ಕೆಲಸ ಮಾಡ್ತಿ?"

"ಮನ್ಯಾಗ ರೊಟ್ಟಿ ಬಡೀತೇನ್ರಿ."

"ಬ್ಯಾನಿ ಹ್ಯಾಂಗೈತಿ?"

"ಆರಾಮ್ರಿ," ಎಂದಳು ಅವ್ವ. ರಾತ್ರಿಯೆಲ್ಲ ಸೆರಗು ಕಚ್ಚಿಕೊಂಡು ಮಲಗಿದ್ದವಳು. ದೊಡ್ಡವರು ಹೇಗಿದ್ದೀರಿ ಎಂದು ಕೇಳಿದರೆ ನಮ್ಮಲ್ಲಿ ಬೇರೆ ಉತ್ತರವೇ ಇಲ್ಲ. ಪಕ್ಕದಲ್ಲೇ ನಿಂತಿದ್ದ ನಾನು, ಓದಿದವಳು, ನಾನೂ ತಲೆ ಆಡಿಸಿದೆ. ಈ ಮಾತು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

"ನಿಮ್ಮ ಮಂದಿದು ದುಡದ ಮೈ, ಗಟ್ಟಿ ಇರ್ತೈತಿ. ನಿನಗ ಇದೆಲ್ಲಾ ಬ್ಯಾಡ. ಮೂರು ವಾರ ಬಿಟ್ಟು ಮನಿಗೆಲಸಾ ಮಾಡು."

ಹಾಳೆಗಳ ಕಟ್ಟು ಅವನ ಕೈಯಲ್ಲೇ ಇತ್ತು. ಒಂದು ಹಾಳೆ ಕೊಟ್ಟಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ನಾನು ಕೈಮುಗಿದು ಕಳಿಸಿದೆ.

ಅವನ ಲೆಕ್ಕದಲ್ಲಿ ಮನೆಗೆಲಸ ಅಂದರೆ ಅನ್ನಕ್ಕೆ ಇಡುವುದು, ಬಟ್ಟೆ ಮಡಚುವುದು. ಅವ್ವನಿಗೆ ಮನೆಗೆಲಸ ಅಂದರೆ ರೊಟ್ಟಿ. ಸರಿಯಾಗಿ ಮೂರು ವಾರಕ್ಕೆ, ದವಾಖಾನೆ ಸಾಹೇಬರೇ ಅಪ್ಪಣೆ ಕೊಟ್ಟಿದ್ದಾರೆ ಎಂದು, ನೆಲದ ಮೇಲೆ ಕೂತಳು. ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ಹಲಗೆಯ ಮೇಲೆ ಬಗ್ಗಿ, ಅಂಗೈಯಿಂದ ಪಟಪಟ ಬಡಿಯುವುದು. ಒಂದೊಂದು ಏಟಿಗೂ ಬೆನ್ನು ಅಲುಗುತ್ತದೆ. ಹತ್ತು ದಿನ ಬಡಿದಳು. ಹನ್ನೊಂದನೆಯ ದಿನ ಎದ್ದು ನಿಂತಾಗ ಎಡಗಾಲಿನ ಪಾದ ಮೇಲೆ ಏಳಲಿಲ್ಲ.

ಮತ್ತೆ ಆಸ್ಪತ್ರೆಗೆ ಓಡಿದೆವು. ಅವ್ವ ನೆಟ್ಟಗೆ ನಡೆಯಬೇಕು, ನನಗೆ ಬೇರೇನೂ ಬೇಕಿರಲಿಲ್ಲ. ನರ ನಲುಗಿದೆ, ಪಾದ ಇನ್ನು ಮೊದಲಿನ ಹಾಗೆ ಏಳುವುದು ಕಷ್ಟ ಎಂದರು ಡಾಕ್ಟರು. "ನೆಲದ ಮ್ಯಾಲೆ ಕುಂದ್ರಂತ ಯಾರ್ ಹೇಳಿದ್ರು?" ಎಂದು ಅವ್ವನನ್ನೇ ಬೈದರು.

ಇನ್ನು ರೊಟ್ಟಿ ಬಂದ್ ಎಂದು ಹೇಳಲು ಅಕ್ಕಾರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕೋಲಿಲ್ಲದೆ ಅಡ್ಡಾಡುತ್ತಿದ್ದರು. ಆ ಚಿತ್ರದ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. ಮೊದಲನೆಯ ಸಾಲೇ ಹೀಗಿತ್ತು: ನೆಲದ ಮೇಲೆ ಕೂಡಬೇಡಿರಿ, ಮುಂದಕ್ಕೆ ಬಗ್ಗಬೇಡಿರಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಲ್ಲೇ ನಿಂತು, ಈಕೆಯ ಕಾಲೂ ಬೀಳಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿದೆ. ಮನೆ ಮುಟ್ಟುವಷ್ಟರಲ್ಲಿ ನಾಚಿಕೆಯಾಯಿತು. ಆಕೆಯದೇನು ತಪ್ಪು? ಶಾಪವನ್ನು ಹಿಂದಕ್ಕೆ ತೆಗೆದುಕೊಂಡು ಇಡಿಯಾಗಿ ಆ ಫಿಜಿಯೋನ ಹೆಸರಿಗೆ ಹಾಕಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಲ್ಲು ಕಚ್ಚಿ ಕೂತೆ.

ಎರಡು ವರ್ಷಕ್ಕೆ ಆ ಕಾಲ ತಾನಾಗಿ ಚಪ್ಪಲಿ ಬಿಚ್ಚಿ ನಮ್ಮ ಮನೆಯೊಳಗೆ ಬಂತು. ಈಗ ಓಣಿಯ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ, ಅವ್ವ ಕುರ್ಚಿಯಲ್ಲಿ ಕೂತು ಹಿಟ್ಟಿನ ಹದ ಹೇಳುತ್ತಾಳೆ. ರೊಟ್ಟಿ ಹೇಳಲು ಬಂದವನು ಅದೇ ಫಿಜಿಯೋ. ಅವನ ತಂಗಿಯ ಕುಬಸವಂತೆ. ಬಸುರಿಗೆ ಸೀರೆ ಉಡಿಸಿ ಊರಿಗೆಲ್ಲ ಊಟ ಹಾಕುವ ಆ ದಿನ ಕಡಕ್ ರೊಟ್ಟಿ ಇಲ್ಲದಿದ್ದರೆ ನಡೆಯುತ್ತದೆಯೇ? ನಮ್ಮನ್ನು ಅವನು ಗುರುತಿಸಲಿಲ್ಲ. ಅವ್ವ ಗುರುತಿಸಿದಳು.

"ಅಯ್ಯ, ದವಾಖಾನಿ ಸಾಹೇಬ್ರು! ಬರ್ರಿ, ಕುಂದರ್ರಿ. ನನಗ ಬೆನ್ನಿನ ಆಪರೇಷನ್ ಆಗಿತ್ತಲ್ರಿ."

"ಹೌದ್ರಿ? ಛಲೋ ಆತ ಬಿಡ್ರಿ, ಆರೋಗ್ಯ ಚಂದ ಕಾಣ್ತೈತಿ," ಎಂದ. ರೊಟ್ಟಿ ಬೇಕಾದಾಗ ಅವ್ವನಿಗೆ ಬಹುವಚನ ಬಂತು. ಕೂತವಳ ಪಾದ ಸೀರೆಯೊಳಗಿತ್ತು.

"ಸಾಹೇಬ್ರಿಗೆ ಬೆಲ್ಲಾ ನೀರು ತಾರವಾ," ಎಂದಳು ನನಗೆ.

ಮನೆಗೆ ಯಾರೇ ಬರಲಿ, ನೀರು ತರುವವಳು ನಾನೇ. ಅವತ್ತು ಏಳಲಿಲ್ಲ. ಅವ್ವ ಮತ್ತೊಮ್ಮೆ ಹೇಳಿದಳು. ಕೇಳಿಸದವಳಂತೆ ಗೋಡೆ ನೋಡುತ್ತ ಕೂತೆ. ಬಂದವರ ಎದುರು ಮಗಳನ್ನು ಬೈಯಲಾರದೆ ಅವಳೇ ಎದ್ದಳು.

ಮೊಣಕಾಲು ಎತ್ತಬೇಕು, ಪಾದ ಜೋತು ಬೀಳಬೇಕು, ಆಮೇಲೆ ನೆಲಕ್ಕೆ ಬಡಿಯಬೇಕು. ಅವಳ ನಡಿಗೆಯೇ ಈಗ ಹಾಗೆ. ಅಡುಗೆಮನೆ ದೂರವಿಲ್ಲ, ಆದರೆ ಅವಳಿಗೆ ಹೊತ್ತು ಹಿಡಿಯುತ್ತದೆ. ಬರುವಾಗ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತಾಟು. ಗೋಡೆ ಹಿಡಿಯಲು ಕೈ ಉಳಿದಿರಲಿಲ್ಲ. ನೀರು ತುಳುಕಿ ಸೀರೆ ತೋಯಿತು. ಅವನು ಅರ್ಧ ಎದ್ದ.

"ಕುಂದರ್ರಿ," ಎಂದೆ ನಾನು. "ಬರ್ತಾಳ. ನೋಡ್ರಿ."

ಅವನು ನೋಡಿದ. ಕಾಲು ಹೀಗೇಕಾಯಿತೆಂದು ಅವನು ಕೇಳಲಿಲ್ಲ. ಅವನಿಗೆ ತಿಳಿಯದ ಕಾಯಿಲೆಯೇ ಅದು? ಎಷ್ಟು ರೊಟ್ಟಿ ಬೇಕು ಎಂದು ಅವ್ವ ಕೇಳಿದಳು. ಆಮೇಲೆ ಫೋನ್ ಮಾಡುತ್ತೇನೆ ಎಂದು ಎದ್ದು ಹೋದ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಅವ್ವನ ಕಡೆ ನೋಡಲು ಮಾತ್ರ ಧೈರ್ಯ ಬರಲಿಲ್ಲ. ಅವಳು ಒದ್ದೆ ಸೆರಗು ಹಿಂಡುತ್ತಿದ್ದಳು.

"ಬೇಕಂತನ ನನ್ನ ನಡಿಸಿದಿ, ಹೌದಿಲ್ಲೋ?"

"ಹೂಂ," ಎಂದೆ. ಬೈಗಳಿಗೆ ತಲೆ ತಗ್ಗಿಸಿ ಕಾದೆ.

"ಮೊದಲ ಹೇಳಬಾರದಿತ್ತೇನ ಹುಚ್ಚಿ? ಓಣಿ ತುದಿತನಾ ಅವನ ಜೋಡಿ ನಡಕೋತ ಹೋಗಿ ಕಳಿಸಿ ಬರ್ತಿದ್ದೆ."