ಗುಂಡನನ್ನು ನೋಡಿಕೊಂಡು ಹೋಗಲು ಬಂದವರು

ಮೊನ್ನೆ ಮಗಳು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ತುಮಕೂರಿನ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನು ಯಾವ ಕಾಲದ್ದೋ ಏನೋ, ಒಂದು ಟಿಂಚರ್ ಬಾಟಲಿ ಕೊಟ್ಟ. ಮುಚ್ಚಳ ತೆಗೆದು ಆ ಘಾಟು ಮೂಗಿಗೆ ಹತ್ತಿದ್ದೇ ತಡ, ನಾನು ಗುಬ್ಬಿಯ ಅಜ್ಜಿಮನೆಯ ನಡುಮನೆಯಲ್ಲಿದ್ದೆ. ಅಂಗಾಲಿಗೆ ತಣ್ಣಗೆ ತಾಗುವ ಕೆಂಪು ಗಾರೆ ನೆಲ, ಮೂಲೆಯಲ್ಲಿ ರಾಗಿ ಡ್ರಮ್ಮು, ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿ ವಟವಟ ಮಾತಾಡುತ್ತ ಓಡಾಡುವ ಅಜ್ಜಿ. ಈಗ ಆ ಮನೆಯೂ ಇಲ್ಲ, ಅಜ್ಜಿಯೂ ಇಲ್ಲ. ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ನಿಮಗೂ ಇಂಥದ್ದೊಂದು ಮನೆ ಇದ್ದೀತು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಅಜ್ಜಿ ನನಗೊಂದು ಬಿಳಿ ಮೊಲ ತರಿಸಿಕೊಟ್ಟಿದ್ದಳು. ಹೆಸರು ಗುಂಡ. ಮನೆತುಂಬ ಅವನದೇ ದರ್ಬಾರು. ಒಂದು ಬೆಳಿಗ್ಗೆ ಅವನು ಮಲಗುವ ಗೋಣಿಚೀಲದ ದಾರಕ್ಕೆ ಮುಂಗಾಲಿನ ಉಗುರು ಸಿಕ್ಕಿಕೊಂಡಿತು. ಗಾಬರಿಯಲ್ಲಿ ಜಗ್ಗಿದ, ಉಗುರು ಮುರಿದು ರಕ್ತ ಬಂತು. ಬಿಳಿ ಕೂದಲ ಮೇಲೆ ರಕ್ತ ಎಷ್ಟಿದ್ದರೂ ಹೆಚ್ಚೇ ಕಾಣುತ್ತದೆ, ನಾನು ಗೋಳೋ ಎಂದು ಅತ್ತೆ. "ಅಯ್ಯೋ ನನ್ ಶಿವ್ನೆ, ಏನ್ಲಾ ಮಾಡ್ಕಂಡೆ ಗುಂಡಾ!" ಎನ್ನುತ್ತ ಓಡಿಬಂದ ಅಜ್ಜಿ ಟಿಂಚರ್ ಸುರಿದೇಬಿಟ್ಟಳು. ಬಿದ್ದ ಮಕ್ಕಳಿಗೆಲ್ಲ ಅವಳ ಔಷಧಿ ಅದೊಂದೇ. ಗುಂಡ ಕೀಚೆಂದು ಕೂಗಿ ಅವಳ ಕೈ ಪರಚಿ ಡ್ರಮ್ಮಿನ ಹಿಂದೆ ಸೇರಿಕೊಂಡ. ಕೊನೆಗೆ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಇಬ್ಬರೂ ಪಶು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಕಾಲು ತೊಳೆದು, ರಕ್ತ ನಿಲ್ಲುವ ತನಕ ಶುಭ್ರವಾದ ಬಟ್ಟೆಯಲ್ಲಿ ಒತ್ತಿ ಹಿಡಿದರು. "ಗಾಯ ಸಣ್ಣದು ಕಣಮ್ಮ, ವಾಸಿಯಾಗುತ್ತೆ. ಟಿಂಚರ್ ಗಿಂಚರ್ ಬೇಡ, ನೆಕ್ಕಿಬಿಡುತ್ತೆ. ಗೋಣಿಚೀಲ ತೆಗ್ದು ಮೆತ್ತನೇ ಬಟ್ಟೆ ಹಾಸಿ. ಆದ್ರೆ ಮೊಲ ಹೆದರಿದ್ರೆ ತಿನ್ನೋದ್ ಬಿಡುತ್ತೆ, ತಿನ್ನೋದ್ ಬಿಟ್ರೆ ಉಳಿಯೋದು ಕಷ್ಟ. ಗಲಾಟೆ ಇಲ್ದಂಗೆ ನೋಡ್ಕಳಿ. ಸಂಜೆವರ್ಗೂ ಏನೂ ಮುಟ್ಟದಿದ್ರೆ ತಿರ್ಗಾ ಕರ್ಕಂಡ್ ಬನ್ನಿ," ಎಂದರು.

ಗಲಾಟೆ ಇಲ್ಲದಂತೆ! ಅಜ್ಜಿಯ ಬೀದಿಯಲ್ಲಿ! ಅಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಹೋಗಿ ನೋಡಿಕೊಂಡು ಬರಲೇಬೇಕು, ಬರಿಗೈಲಿ ಹೋಗುವಂತಿಲ್ಲ, ಬಂದವರನ್ನು ಕಾಫಿ ಕೊಡದೆ ಕಳಿಸುವಂತಿಲ್ಲ. ಮೊಲವಾದರೇನು, ಅಜ್ಜಿಯ ಮನೆಯ ಮೊಲ ತಾನೆ? ನಾವು ಮನೆ ಸೇರುವಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮ ಬಾಳೆಹಣ್ಣು ಹಿಡಿದು ನಿಂತಿದ್ದರು. ಅವರ ಹಿಂದೆ ಬನ್ನು ಬಂತು, ಎಳನೀರು ಬಂತು, ಯಡಿಯೂರಿನ ಗುಡಿಯಿಂದ ತಂದಿಟ್ಟಿದ್ದ ವಿಭೂತಿಯೂ ಗುಂಡನ ಹಣೆಗೆ ಬಂತು. ಅವನು ಮತ್ತೆ ಡ್ರಮ್ಮಿನ ಹಿಂದೆ ಸೇರಿಕೊಂಡ. ಒಬ್ಬರಾದ ಮೇಲೊಬ್ಬರು ಅಲ್ಲಿಗೇ ಬಗ್ಗಿ, "ಪಾಪ, ಹೆಂಗ್ ಸಪ್ಪಗಾಗವ್ನೆ ನೋಡು," ಎಂದು ಲೊಚಗುಟ್ಟಿ, ಇಂಥದೇ ಗಾಯವಾಗಿ ಸತ್ತುಹೋದ ತಮ್ಮ ಮನೆಯ ಕುರಿಮರಿಯ ಕತೆ ಹೇಳಿ ಕಾಫಿ ಕುಡಿದು ಹೋದರು. ಎಲ್ಲರದೂ ಅಕ್ಕರೆಯೇ. ಗುಂಡ ಮಾತ್ರ ಗೋಡೆಗೆ ಅಂಟಿಕೊಂಡು ಕಣ್ಣು ಮಿಟುಕಿಸದೆ ಕೂತಿದ್ದ. ಮಧ್ಯಾಹ್ನವಾದರೂ ಅವನ ಮುಂದಿನ ಗರಿಕೆ ಹಾಗೇ ಬಾಡುತ್ತಿತ್ತು.

"ಅಜ್ಜಿ, ಗುಂಡ ಸತ್ತೋಗ್ತಾನಾ?" ಎಂದೆ.

ಅಜ್ಜಿ ಕಾಫಿ ಪಾತ್ರೆಯನ್ನು ಕೆಳಗಿಳಿಸಿದಳು. ಸೀದಾ ಹೋಗಿ ಬೀದಿಬಾಗಿಲು ಹಾಕಿ ಅಗುಳಿ ಜಡಿದಳು. ಹಗಲುಹೊತ್ತು ಆ ಬಾಗಿಲು ಹಾಕಿದ್ದನ್ನು ನಾನು ಕಂಡೇ ಇರಲಿಲ್ಲ. ಜಂಗಮರೋ ನೆಂಟರೋ ಬಂದವರು ಹಿಂದಕ್ಕೆ ಹೋಗಬಾರದು ಎಂಬುದು ಅವಳ ಛಲ. ಹಿತ್ತಲಿಂದ ಹಸಿ ಗರಿಕೆ ಕಿತ್ತು ತಂದು, ಮಡಿಲಲ್ಲಿಟ್ಟುಕೊಂಡು ಡ್ರಮ್ಮಿನ ಪಕ್ಕ ನೆಲದ ಮೇಲೆ ಕೂತಳು. ಅಜ್ಜಿ ಬಾಯಿ ಮುಚ್ಚಿಕೊಂಡು ಕೂತದ್ದೂ ನನಗೆ ಹೊಸದೇ. ಹೊರಗೆ ಯಾರೋ ಕೂಗಿದರು. ಗೌರಮ್ಮನ ದನಿ ಕೇಳಿಸಿತು: "ಬಾಗ್ಲಾಕವ್ಳಲ್ಲ, ಏನ್ ಬಂತು ಇವ್ಳಿಗೆ?" ಅಜ್ಜಿ ಕದಲಲಿಲ್ಲ.

ಎಷ್ಟು ಹೊತ್ತಾಯಿತೋ. ಡ್ರಮ್ಮಿನ ಹಿಂದಿಂದ ಒಂದು ಮೂಗು ಹೊರಬಂತು. ಗುಂಡ ಕುಂಟುತ್ತ ಬಂದು ಅಜ್ಜಿಯ ಸೆರಗು ಮೂಸಿ, ಒಂದೆಳೆ ಗರಿಕೆ ಎಳೆದುಕೊಂಡು ಕರಕರ ಜಗಿಯತೊಡಗಿದ. ನಾನು ಚಪ್ಪಾಳೆ ತಟ್ಟಲು ಹೋದರೆ ಅಜ್ಜಿ ಕೈ ಹಿಡಿದುಕೊಂಡಳು. ನೋಡುತ್ತೇನೆ, ಅವಳ ಕೆನ್ನೆಯ ಮೇಲೆ ನೀರು. ತಾತ ಹಿಂದಿನ ವರ್ಷವಷ್ಟೇ ಅದೇ ನಡುಮನೆಯಲ್ಲಿ ಹಾಸಿಗೆ ಹಿಡಿದು ತೀರಿಕೊಂಡಿದ್ದರು.

"ನಿಮ್ ತಾತ ಮಲ್ಗಿದ್ದಾಗ ಊರಿಗ್ ಊರೇ ಬಂತು ಕಣೇ," ಎಂದಳು ಮೆಲ್ಲಗೆ. "ಬಂದೋರ್ಗೆಲ್ಲ ಕಾಫಿ ಕಾಯ್ಸಿದ್ದೇ ಆಯ್ತು. ಅವ್ರ ಉಸ್ರು ಹೋಗೋವಾಗ್ಲೂ ನಾನು ಒಲೆ ಮುಂದೇ ಇದ್ದೆ. ಅವತ್ತೂ ಒಂದ್ ಗಳ್ಗೆ ಹಿಂಗೇ ಬಾಗ್ಲಾಕಿ ಪಕ್ದಲ್ ಕೂತ್ಕಬೋದಿತ್ತು."

ಮತ್ತೆ ಯಾರೋ ಚಿಲಕ ಬಡಿದರು. ಅಜ್ಜಿ ಏಳಲಿಲ್ಲ. ಇನ್ನೊಂದೆಳೆ ಗರಿಕೆ ತೆಗೆದು ಗುಂಡನ ಮುಂದೆ ಹಿಡಿದಳು.