ವಾಸನೆಯಿಲ್ಲದ ಎಣ್ಣೆ

ಶೂಟಿಂಗ್ ಕ್ಲಬ್ಬಿನ ಹಿಂಬದಿಯ ಕೋಣೆಯಲ್ಲಿ ಏರ್ ಗನ್ನುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಕೊಟ್ಟು ಮತ್ತೆ ಜೋಡಿಸುವವನಿಗೆ ಹನಿ ಮಾವ ಎಂದು ಹೆಸರು ಬಿದ್ದದ್ದು ಅವನ ಬಾಯಿಂದಲೇ. ಯಾರಾದರೂ ಎಣ್ಣೆ ಬಾಟಲಿಗೆ ಕೈ ಹಾಕಿದರೆ ಸಾಕು, "ಒಂದೇ ಹನಿ ಕಣಪ್ಪ, ಗನ್ನಿಗೆ ಸ್ನಾನ ಮಾಡಿಸ್ಬೇಡ" ಎಂದು ಬೆನ್ನು ಹತ್ತುತ್ತಿದ್ದ. ತಲೆ ನರೆಯುವ ಹೊತ್ತಿಗೆ ಅವನ ನಿಜವಾದ ಹೆಸರು ಕ್ಲಬ್ಬಿನ ಸೆಕ್ರೆಟರಿಗೂ ಮರೆತುಹೋಗಿತ್ತು.

ಅವನ ಕೆಲಸದಲ್ಲಿ ಕಷ್ಟವೆಂದರೆ ಎಣ್ಣೆ ಹಾಕುವುದಲ್ಲ, ಯಾವ ಎಣ್ಣೆ ಎಲ್ಲಿಗೆ ಎನ್ನುವುದು. ಒಳಗಿನ ಸ್ಪ್ರಿಂಗಿಗೆ ಕಪ್ಪು ಗ್ರೀಸು, ಅದೂ ತೆಳ್ಳಗೆ ಸವರಿದಷ್ಟು. ನಳಿಗೆ ಮಡಿಯುವ ಕೀಲಿಗೆ ಮಾಮೂಲಿ ಮೆಷಿನ್ ಎಣ್ಣೆ. ಆದರೆ ಗಾಳಿ ಅದುಮುವ ಪಿಸ್ಟನ್ನಿನ ಮುಂದಿನ ಪ್ಲಾಸ್ಟಿಕ್ ಬಿಲ್ಲೆಗೆ ಸಿಲಿಕೋನ್ ಎಣ್ಣೆ ಬಿಟ್ಟು ಬೇರೇನೂ ತಾಗಕೂಡದು. ಟ್ರಿಗರ್ ಎಳೆದಾಗ ಅಲ್ಲಿಯ ಗಾಳಿ ಕ್ಷಣಮಾತ್ರದಲ್ಲಿ ಕಾದ ಬಾಣಲೆಯ ಹಾಗಾಗುತ್ತದೆ. ಮೆಷಿನ್ ಎಣ್ಣೆ ಹೋಗಿದ್ದರೆ ಅದು ಒಳಗೇ ಹೊತ್ತಿಕೊಂಡು ಢಂ ಎನ್ನುತ್ತದೆ, ಗುಂಡು ಮನಸ್ಸು ಬಂದ ಕಡೆ ಹೋಗುತ್ತದೆ, ಬಿಲ್ಲೆ ಕರಗುತ್ತದೆ. ಹಾಗೆಂದು ಸಿಲಿಕೋನನ್ನೇ ಎಲ್ಲ ಕಡೆಗೂ ಹಾಕಿದರೆ ಕೀಲಿನ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತದೆ. ಇಷ್ಟು ವರ್ಷಗಳಲ್ಲಿ ಹನಿ ಮಾವನ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಎರಡೂ ಎಣ್ಣೆ ನೀರಿನಷ್ಟೇ ತಿಳಿ. ಎರಡನ್ನೂ ದೊಡ್ಡ ಡಬ್ಬಗಳಿಂದ ಕಣ್ಣಿನ ಔಷಧಿಯ ಖಾಲಿ ಬಾಟಲಿಗಳಿಗೆ ತುಂಬಿಕೊಳ್ಳುತ್ತಿದ್ದ, ಏಕೆಂದರೆ ಹನಿ ಲೆಕ್ಕದಲ್ಲಿ ಬೀಳಲು ಅದರಂಥ ಮೂತಿ ಬೇರೆಯಿಲ್ಲ. ಚೀಟಿ ಅಂಟಿಸು ಎಂದು ಮಗಳು ಎಷ್ಟೋ ಸಲ ಹೇಳಿದ್ದಳು. "ಹೆತ್ತ ಮಕ್ಕಳ ಹಣೆ ಮೇಲೆ ಯಾರಾದ್ರೂ ಹೆಸರು ಬರೀತಾರೇನೇ?" ಎಂದು ನಕ್ಕುಬಿಡುತ್ತಿದ್ದ. ಮೂತಿಯನ್ನು ಮೂಗಿನ ಬಳಿ ಹಿಡಿಯುವುದು, ಕಣ್ಣು ಮುಚ್ಚುವುದು, ಅಷ್ಟೇ. ಮೆಷಿನ್ ಎಣ್ಣೆಗೆ ಘಾಟು ಇರುತ್ತದೆ, ಸಿಲಿಕೋನಿಗೆ ವಾಸನೆಯೇ ಇರುವುದಿಲ್ಲ. ವಾಸನೆ ಇಲ್ಲದ್ದೇ ಬಿಲ್ಲೆಯ ಎಣ್ಣೆ.

ಆ ಮೂಗು ಹೋಗುತ್ತಿತ್ತು. ಒಂದೇ ದಿನ ಹೋಗಿದ್ದರೆ ಅವನೇ ಕೂಗಿ ಹೇಳುತ್ತಿದ್ದನೋ ಏನೋ. ಅದು ಮನೆಗೆ ಬಂದ ನೆಂಟರು ಒಬ್ಬೊಬ್ಬರಾಗಿ ಎದ್ದುಹೋದ ಹಾಗೆ ಹೋಯಿತು. ಈಗಿನ ಸೋಪಿಗೆ ಪರಿಮಳವೇ ಇಲ್ಲ ಎಂದು ಅಂಗಡಿಯವನ ಹತ್ತಿರ ಜಗಳವಾಡಿದ. ಸಾರಿಗೆ ರುಚಿಯಿಲ್ಲ ಎಂದು ಮಗಳ ಮೇಲೆ ಹಾರಾಡಿದ. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ತಳ ಹಿಡಿದಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಮಗಳು ಓಡಿಬಂದು ಒಲೆ ಆರಿಸಿ, ಅವನ ಮುಖವನ್ನೇ ನೋಡಿ, ಪಾತ್ರೆ ತಿಕ್ಕಲು ಹೋದಳು. ಅವನಿಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಾಗದ ಹಾಗೆ ನೋಡಿಕೊಂಡ, ನಾವೆಲ್ಲ ಮಾಡುವುದೂ ಅದನ್ನೇ.

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಆ ಕೋಣೆ ಮತ್ತು ಆ ಮಗಳು. ಯಾರೋ ಗುಜರಿಗೆ ಹಾಕಲು ಹೊರಟಿದ್ದ ಸ್ಪ್ರಿಂಗ್ ಗನ್ನನ್ನು ಕೇಳಿ ತಂದು, ಕೆನ್ನೆಗೆ ಒತ್ತುವ ಮರದ ಹಿಡಿಯನ್ನು ಅವಳ ಅಳತೆಗೆ ಕೆತ್ತಿ, ಅವಳ ಕೈಗೆ ಕೊಟ್ಟಿದ್ದ. ಅವಳು ಅದರಲ್ಲೇ ಬೆಳೆದಳು. ಜೂನಿಯರ್ ತಂಡಕ್ಕೆ ಸೇರಲು ವಯಸ್ಸಿನ ಮಿತಿ ಇತ್ತು. ಅವಳಿಗೆ ಅದೇ ಕೊನೆಯ ವರ್ಷ, ಅದೇ ಕೊನೆಯ ಆಯ್ಕೆ ಪಂದ್ಯ.

ಹಿಂದಿನ ದಿನ ಗನ್ನನ್ನು ಅವಳೇ ತಂದು ಅವನ ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದಳು.

"ಏನೇ, ಏನಾದ್ರೂ ಬೇಕಿತ್ತಾ?"

"ಇಲ್ಲಪ್ಪ. ನೋಡಿ ಹಾಕು."

"ನಂಗೇ ಹೇಳ್ಕೊಡ್ತಾಳೆ ನೋಡು" ಎಂದು ನಕ್ಕ.

ಅವಳು ಹೋದ ಮೇಲೆ ಕೈಗೆ ಸಿಕ್ಕ ಬಾಟಲಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಘಾಟಿಲ್ಲ. ಸರಿ, ಸಿಲಿಕೋನ್. ಇನ್ನೊಂದನ್ನೂ ಮೂಸಿದ್ದರೆ ಅದೂ ಸಿಲಿಕೋನೇ ಆಗುತ್ತಿತ್ತು. ಮೂಸಲಿಲ್ಲ. ನಳಿಗೆ ಮಡಿಸಿ, ಗಾಳಿಯ ಕಿಂಡಿಗೆ ಒಂದೇ ಹನಿ ಬಿಟ್ಟು, ಎಣ್ಣೆ ಒಳಗೆ ಇಳಿಯಲೆಂದು ಗನ್ನನ್ನು ಮೂಲೆಗೆ ನಿಲ್ಲಿಸಿ ಬೀಗ ಹಾಕಿದ. ಆ ದಿನ ಅವನಷ್ಟು ಖುಷಿಯಾಗಿ ಮನೆಗೆ ನಡೆದವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಕ್ಲಬ್ಬಿನಲ್ಲೇ ನಡೆದ ಪಂದ್ಯದಲ್ಲಿ ಅವಳ ಮೊದಲ ಗುಂಡೇ ಢಂ ಎಂದಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಳಿಗೆಯ ಬಾಯಲ್ಲಿ ನೀಲಿ ಹೊಗೆ, ಗುಂಡು ಗುರಿಹಲಗೆಯ ಮೇಲಂಚಿನಲ್ಲಿ. ಮಧ್ಯದಲ್ಲಿ ಗನ್ನು ಬದಲಿಸುವ ಹಾಗಿರಲಿಲ್ಲ. ಅವಳು ತುಟಿ ಕಚ್ಚಿ ಹೊಡೆಯುತ್ತಲೇ ಹೋದಳು. ಗುಂಡುಗಳು ಮೊದಲು ಮೇಲೆ ಹಾರಿದವು, ಬಿಲ್ಲೆ ಕರಗಿದಂತೆಲ್ಲ ಕೆಳಗೆ ಬಿದ್ದವು. ಹನಿ ಮಾವ ಗಾಜಿನ ಹಿಂದೆ ನಿಂತು ಅಷ್ಟನ್ನೂ ನೋಡಿದ. ಮುಗಿದ ಮೇಲೆ ಗನ್ನನ್ನು ಅವಳ ಕೈಯಿಂದ ಕಸಿದುಕೊಂಡು, "ಸ್ಪ್ರಿಂಗೇ ಮುರಿದಿರ್ಬೇಕು" ಎಂದ.

"ಸ್ಪ್ರಿಂಗ್ ಎಲ್ಲಿ ಮಾವ, ಎಣ್ಣೆ ಸುಟ್ಟ ವಾಸನೆ ಒಳಗೆಲ್ಲ ತುಂಬಿದೆ" ಎಂದ ಸೆಕ್ರೆಟರಿ ಮೂಗಿಗೆ ಕರ್ಚೀಫು ಹಿಡಿದುಕೊಂಡು.

"ವಾಸನೆಯಾ? ಎಲ್ಲಿದೆ ವಾಸನೆ?"

ಸುತ್ತ ನಿಂತವರೂ ಮೂಗು ಮುಚ್ಚಿಕೊಂಡಿದ್ದರು. ಅದನ್ನು ಕಂಡು ಹನಿ ಮಾವನಿಗೆ ಸೋಪು, ಸಾರು, ಸೀದ ಹಾಲು ಎಲ್ಲ ಒಟ್ಟಿಗೆ ಅರ್ಥವಾಯಿತು. ತಂಡದ ಹೆಸರುಗಳನ್ನು ಓದುವಾಗ ಅವನು ಹಿಂದಿನ ಕೋಣೆಯಲ್ಲಿ ಎರಡೂ ಬಾಟಲಿಗಳನ್ನು ಒಂದಾದ ಮೇಲೊಂದು ಮೂಸುತ್ತ ಕೂತಿದ್ದ.

ಮಗಳು ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ತಂಡದಲ್ಲಿ ಅವಳ ಹೆಸರಿರಲಿಲ್ಲ.

"ನಿನ್ನ ಬಾಳು ನಾನೇ ಹಾಳು ಮಾಡ್ದೆ ಕಣೇ" ಎಂದ.

"ನಂಗೆ ಗೊತ್ತಿತ್ತಪ್ಪ" ಎಂದಳು. "ಹಾಲು ಸೀದ ದಿನಾನೇ ಗೊತ್ತಾಯ್ತು."

ಅವನು ಬಾಟಲಿಯನ್ನು ಕೆಳಗಿಟ್ಟ. "ಮತ್ಯಾಕೆ ಗನ್ ತಂದ್ಕೊಟ್ಟೆ? ಒಂದು ಮಾತು ಹೇಳ್ಬಾರದಿತ್ತಾ?"

"ಹೇಳೋಕೇ ಬಂದು ಬಾಗಿಲಲ್ಲಿ ನಿಂತಿದ್ದೆ. ಹೇಳಿದ್ರೆ ನೀನು ಮಾರನೇ ದಿನದಿಂದ ಈ ರೂಮಿಗೆ ಬರ್ತಿದ್ಯಾ?"

ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಹನಿ ಮಾವ ಸೊಂಟದಿಂದ ಕೋಣೆಯ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ, ಗನ್ನಿನ ಪಕ್ಕದಲ್ಲಿಟ್ಟ. ಯಾವುದನ್ನು ಉಳಿಸಲೆಂದು ಮಗಳು ಬಾಯಿ ಮುಚ್ಚಿಕೊಂಡಿದ್ದಳೋ ಅದೂ ಉಳಿಯಲಿಲ್ಲ.