ಗೋವಾಕ್ಕೆ ಹೋಗದ ಏಕಾಂತಯ್ಯ

ಸಿ.ಎಸ್. ಪುರದ ಏಕಾಂತಯ್ಯ ಹುಟ್ಟಿದಾರಭ್ಯ ಊರು ಬಿಟ್ಟು ಹೋಗಿದ್ದೆಂದರೆ ಇತ್ತ ಕುಣಿಗಲ್ಲು, ಅತ್ತ ತುಮಕೂರು. ಅಲ್ಲಿಂದಲೂ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು. ಅಂಥ ಮನುಷ್ಯ ಅರವತ್ತು ದಾಟಿದ ಮೇಲೆ ದೇಶಾಂತರಿಯೆಂದು ಹೆಸರಾದದ್ದು ಮರಳೂರಿನ ಅನಂತರಾಜುವಿನ ಕೃಪೆ.

ಅನಂತರಾಜು ಏಕಾಂತಯ್ಯನ ಕಾಲೇಜು ಗೆಳೆಯ. ಹರೆಯದಲ್ಲಿ ಕೂದಲು ಬಿಟ್ಟು, ಇನ್ನೊಬ್ಬ ಗೆಳೆಯನ ಜೊತೆ ಸಿಕ್ಕ ಸಿಕ್ಕ ಲಾರಿ ಹತ್ತಿ ಗೋವಾ, ಕಾಠ್ಮಂಡು ಅಂತ ಹಿಪ್ಪಿಗಳ ಹಿಂದೆ ಅಲೆದವನು. ಈಗ ಅದನ್ನೆಲ್ಲ ಕಾದಂಬರಿ ಮಾಡಿ ಅಚ್ಚು ಹಾಕಿಸಿದ್ದ. ಜೊತೆಗೆ ಅಲೆದ ಆ ಗೆಳೆಯ ಈಗ ಮೊಮ್ಮಕ್ಕಳಿರುವ ಮರ್ಯಾದಸ್ಥ. ಅವನ ಹೆಸರು ಮರೆಮಾಚಬೇಕಿತ್ತು. 'ನಮ್ಮ ಏಕಾಂತಯ್ಯನ ಹೆಸರಿಟ್ಟರೆ ಯಾರು ತಾನೇ ನಂಬ್ತಾರೆ' ಎಂದುಕೊಂಡು, ಊರಿನ ಸಮೇತ ಅದನ್ನೇ ಇಟ್ಟುಬಿಟ್ಟ ಮಹಾನುಭಾವ. ಊರಿಗೆ ಊರೇ ನಂಬಿತು.

"ಏನ್ ಏಕಾಂತಣ್ಣ, ಸಮುದ್ರದ ದಡದಾಗೆ ಬೆಳಗಾನ ಕುಣಿದ್ರಂತೆ?" ಎಂದು ಹಾಲಿನ ಡೈರಿಯ ಮುಂದೆ ಊರಿನ ಗಂಗರಾಜು ಕೇಳಿದಾಗ ಏಕಾಂತಯ್ಯನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಮನೆಗೆ ಬಂದರೆ ಹೆಂಡತಿ ಉಮಾಮಹೇಶ್ವರಿ ಅದೇ ಪುಸ್ತಕ ಹಿಡಿದು ಕೂತಿದ್ದಳು. ತಲೆಯೆತ್ತಿ ಅವನನ್ನು ನೋಡಿ ನಕ್ಕಳು. ಎಂಥ ನೋಟ ಅಂತೀರಿ! ಮದುವೆಯಾಗಿ ಮಕ್ಕಳು ದೊಡ್ಡವರಾದರೂ ಅಂಥ ನೋಟ ಕಂಡ ನೆನಪು ಅವನಿಗಿರಲಿಲ್ಲ. ಇಲ್ಲ ಅನ್ನಲು ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು.

ವಾರವಿಡೀ ಏಕಾಂತಯ್ಯ ಸುಖಪಟ್ಟ. ಮೀಸೆ ತಿದ್ದಿದ. ರಾಗಿಹೊಲಕ್ಕೆ ಹೋಗುವಾಗ ಟವೆಲನ್ನು ಹಿಪ್ಪಿಗಳ ಹಾಗೆ ಹಣೆಗೆ ಬಿಗಿದ. ಆದರೆ ಒಳಗೊಳಗೇ ಅಳುಕು. ನಿಜ ಹೇಳಿದರೆ ಆ ನೋಟ ಹೋಗುತ್ತದೆ. ಹೇಳದಿದ್ದರೆ ಅದು ತನಗೆ ಸಲ್ಲಬೇಕಾದದ್ದಲ್ಲ. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತ.

"ಉಮಾ, ಅದು ನಾನಲ್ಲ ಕಣೇ. ಹೆಸರಷ್ಟೇ ನಂದು."

ರೊಟ್ಟಿ ತಟ್ಟುತ್ತಿದ್ದವಳು ಬಿದ್ದು ಬಿದ್ದು ನಕ್ಕಳು. "ನಂಗೊತ್ತಿಲ್ವಾ? ಮೊದಲ್ನೇ ಪುಟದಾಗೇ ಆ ಮನ್ಷ ಲಾರಿಯಿಂದ ಇಳಿದೋನೇ ಮುಖಾನೂ ತೊಳೀದೆ ಇಡ್ಲಿ ತಿಂತಾನೆ. ನೀವು ಸ್ನಾನ ಮಾಡಿ, ಅಂಗೈ ಮೇಲೆ ಲಿಂಗ ಇಟ್ಕೊಂಡು ಪೂಜೆ ಮಾಡ್ದೆ ಒಂದ್ ತೊಟ್ಟು ಕಾಫಿ ಕುಡ್ದೋರಲ್ಲ."

"ಮತ್ತೆ ವಾರದಿಂದ ನನ್ನ ಹಂಗ್ಯಾಕೆ ನೋಡ್ತಿದ್ದೆ?"

"ಮದ್ವೆ ಆದಾಗಿಂದ್ಲೂ ಹಂಗೇ ನೋಡ್ತಿದೀನಿ," ಅಂದಳು ಉಮಾಮಹೇಶ್ವರಿ. "ನೀವು ತಿರುಗಿ ನೋಡಿದ್ದು ಈ ವಾರ."